ತುರಿಸದ ನಸುಗುನ್ನಿ ಮತ್ತು ಗುಡ್ಡದ ಮೆಕ್ಕೆಜೋಳ

ನಸುಗುನ್ನಿ ಎಂದರೆ ಸಾಕು, ಹಳ್ಳಿಯ ಹುಡುಗರ ಕೈ ತಾನಾಗಿ ಮೈ ಕೆರೆಯತೊಡಗುತ್ತದೆ. ಕಾಯಿಯ ಮೇಲಿನ ಸೂಜಿಯಂಥ ರೋಮಗಳಲ್ಲಿ ಮ್ಯೂಕುನೈನ್ ಎಂಬ ಪ್ರೋಟೀನು ಇದೆ. ತುರಿಕೆಗೆ ಮುಖ್ಯ ಕಾರಣ ಅದೇ. ಆದರೆ ಇದೇ ಜಾತಿಯಲ್ಲಿ ತುರಿಸದ ತಳಿಗಳೂ ಉಂಟು. ಅಂಥ ತಳಿಯೊಂದು ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಗುಡ್ಡಗಳಲ್ಲಿ ಮೆಕ್ಕೆಜೋಳದ ಕಳೆ ತೆಗೆಯುವ ಆಳಾಗಿ ದುಡಿಯಿತೆಂದರೆ ನಂಬುವಿರಾ?

ಏಷ್ಯಾ ಮೂಲದ ಈ ಬಳ್ಳಿ ಅಲ್ಲಿಗೆ ಹೋದದ್ದು ಬಾಳೆ ತೋಟಗಳ ಹೇಸರಗತ್ತೆಗಳಿಗೆ ಮೇವಾಗಿ. ಮುಂದೆ ಗ್ವಾಟೆಮಾಲಾದ ರೈತರ ಕೈಗೆ ಬಂದು, 1970ರ ದಶಕದಲ್ಲಿ ಉತ್ತರ ಹೊಂಡುರಾಸಿಗೆ ದಾಟಿತು. ಬೀಜ ಸಾಗಿದ್ದು ಬಹುಮಟ್ಟಿಗೆ ರೈತರಿಂದ ರೈತರಿಗೇ.

ಸಮನೆಲದಲ್ಲಾದರೆ ಎಡೆಕುಂಟೆ ಹೊಡೆಯಬಹುದು. ಕಡಿದಾದ ಗುಡ್ಡದಲ್ಲಿ ಎತ್ತು ನಿಲ್ಲುವುದೆಲ್ಲಿ? ಕೆದಕಿದ ಮಣ್ಣೂ ಮುಂದಿನ ಮಳೆಗೆ ಹಳ್ಳ ಸೇರುತ್ತದೆ. ಆ ರೈತರು ಕೆದಕುವ ಗೋಜಿಗೇ ಹೋಗಲಿಲ್ಲ. ಮಳೆಗಾಲದಲ್ಲಿ ಬಳ್ಳಿ ಇಳಿಜಾರನ್ನು ಕಂಬಳಿಯಂತೆ ಹೊದ್ದುಕೊಳ್ಳುತ್ತಿತ್ತು. ಡಿಸೆಂಬರ್ ಸುಮಾರಿಗೆ ಅದನ್ನು ಉದ್ದ ಕತ್ತಿಯಿಂದ ಸವರಿ ಅಲ್ಲೇ ಕೆಡವುತ್ತಿದ್ದರು. ಸುಡುತ್ತಿರಲಿಲ್ಲ, ಉಳುತ್ತಿರಲಿಲ್ಲ. ಆ ಹೊದಿಕೆಯ ನಡುವೆ ಕೋಲು ಚುಚ್ಚಿ ಜೋಳದ ಕಾಳು ಹಾಕುತ್ತಿದ್ದರು. ಉದುರಿದ ಬೀಜದಿಂದ ಬಳ್ಳಿ ಮತ್ತೆ ಮೊಳೆಯುತ್ತಿತ್ತು.

ಕಳೆ ಏಕೆ ಏಳುವುದಿಲ್ಲ? ಅನೇಕ ಕಳೆಗಳ ಬೀಜ ಬಲು ಸಣ್ಣದು, ಬುತ್ತಿ ಕಡಿಮೆ. ಬೆಳಕು ಕಂಡರೆ ಮಾತ್ರ ಮೊಳೆಯುವ ಜಾಗರೂಕತೆ ಅದಕ್ಕುಂಟು. ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕಿನ ಕಾವಲುಗಾರ. ದಪ್ಪ ಹೊದಿಕೆಯಡಿ ಅದಕ್ಕೆ ಸದಾ ರಾತ್ರಿ. ಜೋಳದ ಕಾಳಿನಲ್ಲಾದರೋ ಹೊದಿಕೆ ಸೀಳಿ ಬರುವಷ್ಟು ಪಿಷ್ಟವಿದೆ. ಬಿತ್ತಿದ ಮೊದಲ ನಲವತ್ತು ದಿನ ಕಳೆಯ ಕಾಟ ತಪ್ಪಿದರೆ, ಆಮೇಲೆ ಜೋಳದ ನೆರಳೇ ಕಳೆಯನ್ನು ಅದುಮುತ್ತದೆ. ಇನ್ನೊಂದು ಅಸ್ತ್ರವೂ ಇದೆ. ನಸುಗುನ್ನಿಯ ಎಲೆ, ಬೇರುಗಳಲ್ಲಿರುವ ಎಲ್-ಡೋಪಾ ಕೆಲವು ಸಸ್ಯಗಳ ಬೆಳವಣಿಗೆಗೆ ತಡೆಯೊಡ್ಡುತ್ತದೆಂದು ಜಪಾನಿನ ಫುಜಿಯಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಔಷಧಿಯೂ ಇದೇ! ದ್ವಿದಳ ಜಾತಿಯಾದ್ದರಿಂದ ಸಾರಜನಕವಂತೂ ಪುಕ್ಕಟೆ.

ಇಷ್ಟೆಲ್ಲ ಇದ್ದೂ 1990ರ ದಶಕದ ಕೊನೆಗೆ ಅನೇಕರು ಈ ಪದ್ಧತಿ ಬಿಟ್ಟರು. ಬಳ್ಳಿ ತೆಳುವಾದ ಕಡೆ ರಾಟ್‌ಬೊಯೆಲ್ಲಿಯಾ ಎಂಬ ಹುಲ್ಲು ನುಗ್ಗಿತು. ಅಲ್ಲಿಯವರು ಅದನ್ನು ‘ಕಾಮಿನಡೋರ’, ಅಂದರೆ ನಡೆದಾಡುವವಳು, ಎನ್ನುತ್ತಾರೆ. ತಮಾಷೆಯೆಂದರೆ ತುರಿಸುವ ರೋಮ ಇರುವುದು ಈ ಹುಲ್ಲಿಗೆ. ಆದರೆ ಹುಲ್ಲನ್ನಷ್ಟೇ ದೂರುವುದು ನನಗೆ ಸರಿಯೆನಿಸದು. ದನ ಸಾಕುವ ಸಿರಿವಂತರು ಗುಡ್ಡಗಳನ್ನು ಹುಲ್ಲುಗಾವಲು ಮಾಡಿಕೊಂಡರು. ಈ ವರ್ಷ ಗೇಣಿಗೆ ಸಿಕ್ಕ ನೆಲ ಮುಂದಿನ ವರ್ಷ ಸಿಗುವ ಖಾತ್ರಿ ಇಲ್ಲದವನು ಬಳ್ಳಿಯನ್ನು ಯಾರಿಗಾಗಿ ಕಾಯಬೇಕು?

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಹಿತ್ತಲಿನ ಮೇಲ್ಮಣ್ಣನ್ನು ಎರಡು ಅಗಲ ಕುಂಡಗಳಿಗೆ ಸಮನಾಗಿ ಹಾಕಿ. ಒಂದಕ್ಕೆ ಮೂರು ಬೆರಳು ದಪ್ಪ ತರಗೆಲೆ ಹೊದಿಸಿ, ಇನ್ನೊಂದನ್ನು ಬಯಲು ಬಿಡಿ. ಎರಡಕ್ಕೂ ಅಷ್ಟಷ್ಟೇ ನೀರು. ಹದಿನೈದನೇ ದಿನ ಮೊಳಕೆಗಳನ್ನು ಎಣಿಸಿ, ತರಗೆಲೆ ತೆಗೆದಿಟ್ಟು ಇನ್ನೊಂದು ವಾರ ಬಿಟ್ಟು ಮತ್ತೆ ಎಣಿಸಿ.