ಮುದ್ದು ಪೆದ್ದನೆಂಬ ಹಣೆಪಟ್ಟಿ

ಸೈನ್ಯದ ಹಾಸ್ಯಕಥೆಗಳಲ್ಲಿ ಬರುವ ಕೈಲಾಗದ ಸಿಪಾಯಿಗಳನ್ನೆಲ್ಲ ‘ಮುದ್ದು ಪೆದ್ದ’ರೆಂದು ಒಂದೇ ಪಂಕ್ತಿಯಲ್ಲಿ ಕೂರಿಸುವುದು ವಿಮರ್ಶೆಯ ಹಳೆಯ ರೂಢಿ. ಝೆಕ್ ಲೇಖಕ ಯಾರೊಸ್ಲಾವ್ ಹಶೆಕನ ಶ್ವೇಕ್, ಬ್ರಿಟಿಷ್ ಲೇಖಕ ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಜರನ ಮೆಕಾಸ್ಲನ್ ಇಬ್ಬರೂ ಈ ಪಂಕ್ತಿಗೆ ಸೇರಿಹೋಗಿದ್ದಾರೆ. ಇದು ಬರಿಯ ಸೋಮಾರಿ ಓದಲ್ಲ, ಶ್ವೇಕನಿಗೆ ಮಾಡಿದ ಅನ್ಯಾಯ.

ಪಾತ್ರವು ಎಷ್ಟು ಪೆದ್ದು ಎಂಬುದಕ್ಕಿಂತ, ಆ ಪೆದ್ದುತನವನ್ನು ಯಾರು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದು ಮುಖ್ಯ. 1970ರಿಂದ 1988ರವರೆಗೆ ಮೂರು ಸಂಕಲನಗಳಲ್ಲಿ ಬಂದ ಮೆಕಾಸ್ಲನ್ ಕಥೆಗಳ ನಿರೂಪಕನು ಸ್ಕಾಟಿಷ್ ರೆಜಿಮೆಂಟಿನ ಒಬ್ಬ ತರುಣ ಅಧಿಕಾರಿ. ಕೊಳಕನಾದ ಮೆಕಾಸ್ಲನ್ ಮೇಲೆ ಅವನಿಗೆ ಸಿಟ್ಟೂ ಉಂಟು, ಅಕ್ಕರೆಯೂ ಉಂಟು. ಆ ಅಕ್ಕರೆ ಹುಸಿಯಲ್ಲ. ಫ್ರೇಜರ್ ತಾನೇ ಬರ್ಮಾದಲ್ಲಿ ಸಾಮಾನ್ಯ ಸಿಪಾಯಿಯಾಗಿ ಹೋರಾಡಿ ಅನಂತರ ಅಧಿಕಾರಿಯಾದವನು. ಆದರೂ ಕಡೆಯಲ್ಲಿ ಗೆಲ್ಲುವುದು ರೆಜಿಮೆಂಟೇ. ಇಂಥವನನ್ನೂ ಸಲಹುವ ದೊಡ್ಡ ಕುಟುಂಬವೆಂಬ ಹಿರಿಮೆ ಅದಕ್ಕೆ ಸಲ್ಲುತ್ತದೆ.

1921ರಲ್ಲಿ ಪ್ರಕಟವಾಗತೊಡಗಿ, 1923ರ ಜನವರಿಯಲ್ಲಿ ಹಶೆಕ್ ತೀರಿಕೊಂಡಾಗ ಅಪೂರ್ಣವಾಗಿಯೇ ಉಳಿದ ಶ್ವೇಕನ ಕಾದಂಬರಿಯಲ್ಲಿ ಇಂಥ ಕುಟುಂಬವಿಲ್ಲ. ಆಸ್ಟ್ರಿಯಾ ಸೇನೆಯ ವೈದ್ಯರೇ ಅವನನ್ನು ಹಿಂದೊಮ್ಮೆ ಬುದ್ಧಿಮಾಂದ್ಯನೆಂದು ಪ್ರಮಾಣೀಕರಿಸಿ ಮನೆಗೆ ಕಳುಹಿಸಿದ್ದರು. ಯುದ್ಧದ ಕರೆ ಬಂದಾಗ ಅವನು ಸಂಧಿವಾತದ ಕಾಲುಗಳನ್ನು ಹೊತ್ತು, ಗಾಲಿಕುರ್ಚಿಯಲ್ಲಿ ಕುಳಿತು, ಬೆಲ್‌ಗ್ರೇಡಿಗೆ ನಡೆಯಿರೆಂದು ಕೂಗುತ್ತ ಪ್ರಾಗಿನ ಬೀದಿಯಲ್ಲಿ ಸಾಗುತ್ತಾನೆ. ಅದೇ ಸೇನೆ ಈಗ ಅವನನ್ನು ಕಾಯಿಲೆಯ ಸೋಗು ಹಾಕಿದವನೆಂದು ಕೂಡಿಹಾಕುತ್ತದೆ. ರೆಜಿಮೆಂಟನ್ನು ಸೇರಲು ಕಾಲ್ನಡಿಗೆಯಲ್ಲಿ ಹೊರಟಾಗ ಪೊಲೀಸರು ರಷ್ಯದ ಗೂಢಚಾರನೆಂದು ಹಿಡಿಯುತ್ತಾರೆ. ಶ್ವೇಕ್ ಆಜ್ಞೆಯನ್ನು ಎದುರಿಸುವುದಿಲ್ಲ, ಅಕ್ಷರಶಃ ಪಾಲಿಸುತ್ತಾನೆ. ಪಾಲಿಸಿದಷ್ಟೂ ಆಜ್ಞೆಯ ಟೊಳ್ಳುತನ ಬಯಲಾಗುತ್ತದೆ. ಅವನು ದಡ್ಡನೋ, ದಡ್ಡನಂತೆ ನಟಿಸುವವನೋ ಎಂಬುದನ್ನು ಹಶೆಕ್ ಕಡೆಯವರೆಗೂ ಬಿಟ್ಟುಕೊಡುವುದಿಲ್ಲ. ಮೇಲಧಿಕಾರಿಗೆ ತಿಳಿಯದ ಈ ಗುಟ್ಟೇ ಅವನ ಏಕೈಕ ಆಯುಧ. ‘ಮುದ್ದು ಪೆದ್ದ’ ಎಂದೊಡನೆ ವಿಮರ್ಶಕನು ಅದನ್ನು ಅವನ ಕೈಯಿಂದ ಕಸಿದುಕೊಂಡಂತೆ.

ಯೋಸೆಫ್ ಲಾಡಾನ ಚಿತ್ರಗಳಲ್ಲಿ ಶ್ವೇಕನ ದುಂಡುಮುಖವೂ ಮುದ್ದಾಗಿಯೇ ಇದೆಯಲ್ಲವೇ ಎಂದು ಕೇಳಬಹುದು. ಇದೆ. ಆದರೆ ಆ ಮುಖದ ಸುತ್ತಲಿನ ಲೋಕವು ಮುದ್ದಿನದಲ್ಲ. ಚಕ್ರವರ್ತಿಯ ಪಟವನ್ನು ನೊಣಗಳು ಹೊಲಸು ಮಾಡಿದವೆಂದು ನುಡಿದ ಹೆಂಡದಂಗಡಿಯವನಿಗೆ ಅಲ್ಲಿ 10 ವರ್ಷ ಸೆರೆವಾಸ. ಮೆಕಾಸ್ಲನನ್ನು ಕಂಡು ನಕ್ಕ ಓದುಗನು ಸೇನೆಯನ್ನು ಕ್ಷಮಿಸಿಬಿಡುತ್ತಾನೆ. ಶ್ವೇಕನನ್ನು ಕಂಡು ನಕ್ಕವನಿಗೆ ಆ ಸಮಾಧಾನ ದೊರೆಯುವುದಿಲ್ಲ.