ಕವಲೊಡೆದ ನೀರು

ಮಂಗಳೂರಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಮನೆ ಕಟ್ಟಿಕೊಂಡವರಿಗೆ ಎರಡು ಯೋಗಗಳುಂಟು. ಸಂಜೆಯ ಕಡಲಗಾಳಿ ಎಲ್ಲರಿಗಿಂತ ಮೊದಲು ಅವರನ್ನು ತಲುಪುತ್ತದೆ. ನಲ್ಲಿಯ ನೀರು ಎಲ್ಲರಿಗಿಂತ ಕೊನೆಗೆ. ಅಂಥದೊಂದು ಮನೆಯ ಯಜಮಾನರು ಬೇಸಗೆಯ ಬೆಳಗ್ಗೆ ಬರಿದಾದ ತೊಟ್ಟಿಯ ಮುಂದೆ ನಿಂತು, ಬೀದಿಯ ಕೊಳವೆಗೇ ಒಂದು ಪಂಪು ಜೋಡಿಸಿಬಿಡುವ ಆಲೋಚನೆಯಲ್ಲಿದ್ದರು. ಒಳಗೆ ಅವರ ಮಗ ಕಂಪ್ಯೂಟರಿನೆದುರು ಕುಳಿತು ಇಡೀ ಒಂದು ವಸಾಹತಿಗೆ ನೀರುಣಿಸುತ್ತಿದ್ದ!

‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ ಎಂಬುದು ಆ ಆಟದ ಹೆಸರು. ಕ್ಷುದ್ರಗ್ರಹವೊಂದರ ಒಡಲಲ್ಲಿ ಸಿಲುಕಿದ ಕೆಲವರಿಗೆ ಗಾಳಿ, ಅನ್ನ, ನೀರುಗಳನ್ನು ಒದಗಿಸುವುದು ಆಡುವವನ ಹೊಣೆ. ಅಲ್ಲಿನ ಸಾಧಾರಣ ಕೊಳವೆಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 10 ಕಿಲೋಗ್ರಾಂ ನೀರು ಹರಿಯುತ್ತದೆ. ಕೊಳವೆ ಕವಲೊಡೆದಲ್ಲಿ ಒಂದು ಪಾಲು ಇತ್ತ ಹೋದರೆ ಮರುಪಾಲು ಅತ್ತ. ಒಂದು ಕವಲು ತುಂಬಿ ನಿಂತರೆ ನೀರೆಲ್ಲ ಇನ್ನೊಂದಕ್ಕೆ. ಎತ್ತರ, ತಗ್ಗು ಎಂಬ ಭೇದವೇ ಆ ಕೊಳವೆಗಳಿಗಿಲ್ಲ.

“ಅಜ್ಜಾ, ನಮ್ಮ ಬೀದಿಯ ಕವಲಿನಲ್ಲಿ ಹೀಗೇಕೆ ಆಗುವುದಿಲ್ಲ?” ಎಂದು ಹುಡುಗ ಕೇಳಿದ.

ಅಜ್ಜ ಪುತ್ತೂರಿನ ಕಡೆಯ ಅಡಿಕೆ ತೋಟದಲ್ಲಿ ಬಾಳಿದವರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು, ಸೀಳಿದ ಅಡಿಕೆಮರದ ದಂಬೆಗಳಲ್ಲಿ ಅಂಗಳಕ್ಕೆ ಇಳಿಸಿಕೊಂಡವರು. ಅವರು ನಕ್ಕು, “ನೀರಿಗೆ ನ್ಯಾಯ ತಿಳಿಯದು ಮಗಾ, ಇಳಿಜಾರು ತಿಳಿಯುತ್ತದೆ” ಎಂದರು.

ಅಜ್ಜನ ಮಾತಿನಲ್ಲಿ ಜಲಶಾಸ್ತ್ರದ ಸಾರವೇ ಅಡಗಿತ್ತು. ಮಂಗಳೂರು ಕುಡಿಯುವುದು ನೇತ್ರಾವತಿಯ ನೀರನ್ನು. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟಿನಿಂದ ನದಿಯನ್ನು ತಡೆದು, ಅಲ್ಲಿಂದ ನೀರನ್ನು ಪಂಪುಗಳ ಬಲದಿಂದ ನಗರಕ್ಕೆ ತರುತ್ತಾರೆ. ನಗರವಾದರೋ ಗುಡ್ಡ, ಗದ್ದೆಬಯಲುಗಳ ಹೆಣಿಗೆ. ನೀರನ್ನು ಹತ್ತು ಮೀಟರು ಮೇಲೇರಿಸಲು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನ ಒತ್ತಡ ಬೇಕು. ತಗ್ಗಿನ ನಲ್ಲಿಗಳೆಲ್ಲ ತೆರೆದಿರುವಾಗ ಆ ಒತ್ತಡ ಅಲ್ಲಿಯೇ ಕರಗಿಹೋಗುತ್ತದೆ. ಕೊಳವೆಯ ಅಗಲವೂ ಅಷ್ಟೇ ಮುಖ್ಯ: ವ್ಯಾಸವನ್ನು ಅರ್ಧಕ್ಕಿಳಿಸಿದರೆ ಹರಿವು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಆರನೆಯ ಒಂದು ಪಾಲಿಗೆ ಇಳಿಯುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಊರಿನಲ್ಲಿಯೂ 2019ರ ಮತ್ತು 2023ರ ಬೇಸಗೆಗಳಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಸರದಿ ಎಲ್ಲರಿಗೂ ಒಂದೇ ಎಂದು ಕಾಗದ ಹೇಳಬಹುದು. ಆದರೆ ಬರಿದಾದ ಕೊಳವೆಗಳು ಮೊದಲು ತಗ್ಗಿನಲ್ಲಿ ತುಂಬಬೇಕು. ಒಳಗಿನ ಗಾಳಿ ಹೊರಹೋಗಬೇಕು. ಆಮೇಲೆ ನೀರು ಗುಡ್ಡವನ್ನು ಏರಬೇಕು. ಅಷ್ಟರಲ್ಲಿ ಸರದಿಯ ಬಹುಪಾಲು ಕಳೆದಿರುತ್ತದೆ. ಆದುದರಿಂದಲೇ ಕವಲುಗಳಲ್ಲಿ ವಾಲ್ವುಗಳಿರುವುದು. ತಗ್ಗಿನ ಕವಲನ್ನು ಕೊಂಚ ಬಿಗಿದು ಎತ್ತರದ್ದನ್ನು ತೆರೆಯುವ ಕೈ, ನೀರಿಗೆ ತಿಳಿಯದ ನ್ಯಾಯವನ್ನು ನೀರಿಗೆ ಕಲಿಸುತ್ತದೆ. ಬಯಲುಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ಗದ್ದೆ ಪಾಲು ಹಂಚುತ್ತಿದ್ದ ನೀರುಗಂಟಿಯ ಕೆಲಸವೂ ಇದೇ ಆಗಿತ್ತು.

ಯಜಮಾನರು ಪಂಪಿನ ಮಾತೆತ್ತಿದರು. “ಕೆಳಗಿನ ಮನೆಗಳಲ್ಲಿ ಕೆಲವರು ಹಾಕಿಸಿದ್ದಾರಂತೆ, ಅಪ್ಪಾ.”

“ಬೀದಿಯ ತುದಿಯಲ್ಲಿ ಇನ್ನೂ ಎರಡು ಮನೆಗಳುಂಟಲ್ಲ? ನೀನು ಎಳೆಯುವ ನೀರು ಯಾರದು?” ಎಂದರು ಅಜ್ಜ.

ಪ್ರಶ್ನೆ ಕೇವಲ ನೆರೆಹೊರೆಯ ಮರ್ಯಾದೆಯದಲ್ಲ. ಪಂಪು ಬಲವಾಗಿ ಹೀರಿದಾಗ ಬೀದಿಯ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತಲೂ ಕುಗ್ಗಬಹುದು. ಆಗ ಸೋರುವ ಕೀಲುಗಳೇ ಬಾಯಿಗಳಾಗಿ, ಚರಂಡಿಯ ಪಕ್ಕದ ಕೊಳೆನೀರನ್ನು ಒಳಗೆಳೆಯುತ್ತವೆ. ಕಾಯಿಲೆ ಪಂಪು ಇಟ್ಟವನ ಮನೆಗೂ ಬಂದೀತು, ಇಡದವನ ಮನೆಗೂ ಬಂದೀತು.

ಕೊನೆಗೆ ತೀರ್ಮಾನವಾದದ್ದು ಅಂಗಳದ ಮೂಲೆಯಲ್ಲಿ ನೆಲದೊಳಗೊಂದು ಸಂಪ್ ಕಟ್ಟಿಸುವುದೆಂದು. ಮಾಳಿಗೆಯ ತೊಟ್ಟಿಗೆ ಏರಲಾರದ ನೀರು, ನಡುರಾತ್ರಿ ಕೆಳಗಿನ ನಲ್ಲಿಗಳೆಲ್ಲ ಮುಚ್ಚಿದಾಗ, ನೆಲದ ಮಟ್ಟದ ಸಂಪಿಗೆ ತಾನಾಗಿ ಇಳಿಯುತ್ತದೆ. ಅಲ್ಲಿಂದ ಮೇಲೇರಿಸಲು ತಮ್ಮದೇ ಪಂಪು ಸಾಕು. ಬೀದಿಯ ಕೊಳವೆಗೆ ಕೈಹಾಕಬೇಕಾಗಿಲ್ಲ. ಹಿತ್ತಿಲಿನ ಹಳೆಯ ಬಾವಿಯ ಹೂಳನ್ನೂ ತೆಗೆಸುವುದೆಂದು ಅಜ್ಜ ಸೇರಿಸಿದರು.

ಸಂಪ್ ಮುಗಿದ ರಾತ್ರಿ ಮನೆಯವರೆಲ್ಲ ಮಲಗಿದ್ದರು. ಹುಡುಗನೊಬ್ಬನೇ ಟಾರ್ಚು ಹಿಡಿದು ಮುಚ್ಚಳದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಎರಡು ಗಂಟೆಯ ಸುಮಾರಿಗೆ ಕೊಳವೆ ಒಮ್ಮೆ ಕೆಮ್ಮಿತು, ಗಾಳಿಯುಗುಳಿತು. ಆಮೇಲೆ ಬೆರಳಿನಷ್ಟು ದಪ್ಪದ ನೀರಧಾರೆ ಸದ್ದಿಲ್ಲದೆ ಇಳಿಯತೊಡಗಿತು.

“ಅಜ್ಜಾ, ಬಂತು!” ಎಂದು ಅವನು ಕೂಗಿದ. ಕತ್ತಲೆಯ ಜಗಲಿಯಿಂದ ಉತ್ತರ ಬಂತು: “ತುದಿಯ ಮನೆಗೂ ಬಂತೇ ಎಂದು ಬೆಳಗ್ಗೆ ಕೇಳಿಕೊಂಡು ಬಾ.”