ರೋಗಿ ಕುಡಿದ್ರೆ ಕಾಯಿಲೆ, ಕೆಲಸದವನು ಕುಡಿದ್ರೆ?

ಮೊನ್ನೆ ನಮ್ಮ ಚಿಕ್ಕಮ್ಮನ ಮನೆ ಗೃಹಪ್ರವೇಶದಲ್ಲಿ ನೆಂಟರೊಬ್ಬರು ನನ್ನ ಸೋದರಮಾವನ ಬಗ್ಗೆ ಒಂದು ಮಾತು ಹೇಳಿದ್ರು. "ಊರಿಗೆಲ್ಲ ಕುಡಿತ ಬಿಡಿಸ್ತಿದ್ದವನು ಕೊನೆಗೆ ತಾನೇ ಕುಡಿದ!" ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನು ಹೋಳಿಗೆ ತಿಂತಾ ಸುಮ್ಮನಿದ್ದೆ. ಆವತ್ತು ಸುಮ್ಮನಿದ್ದದ್ದಕ್ಕೇ ಇವತ್ತು ಇದನ್ನ ಬರೀತಿದೀನಿ.

ಮಾವ ಅರಸೀಕೆರೆಯಲ್ಲಿ ಲೇತ್ ಕೆಲಸ ಮಾಡ್ಕೊಂಡಿದ್ದ. ಕುಡಿತ ಹೆಚ್ಚಾಗಿ, 2012ರಲ್ಲಿ ಅತ್ತೆ ಚೀಟಿ ಎತ್ತಿದ ದುಡ್ಡಲ್ಲಿ ಅವನನ್ನ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ರು. ಬಿಟ್ಟ. ಮರುವರ್ಷ ಆ ಕೇಂದ್ರದವರೇ "ನಮ್ಮಲ್ಲೇ ಇರಪ್ಪಾ, ವಾಲಂಟಿಯರ್ ಆಗಿ" ಅಂದ್ರು. ಹನ್ನೊಂದು ವರ್ಷ ಇದ್ದ.

ಈ ಚಿಕಿತ್ಸೆ ಅಂದ ಕೂಡ್ಲೇ ನಮಗೆ ಡಾಕ್ಟರು, ಕೌನ್ಸೆಲರು ನೆನಪಾಗ್ತಾರೆ. ಅವರು ಬೇಕೇ ಬೇಕು. ಆದ್ರೆ ರಾತ್ರಿ ಎರಡು ಗಂಟೆಗೆ ವಾರ್ಡಲ್ಲಿ ಇರೋದು ಮಾವನಂಥವರು. ತುಂಬಾ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ಇನ್ನೂ ಕಷ್ಟ... ಮೈಯೆಲ್ಲ ನಡುಕ, ಬೆವರು, ಗೋಡೆ ಮೇಲೆ ಇಲ್ಲದ ಹುಳ ಹರಿದಾಡೋದು ಕಾಣುತ್ತೆ, ತಾನೆಲ್ಲಿದೀನಿ ಅನ್ನೋದೇ ತಿಳಿಯಲ್ಲ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಚಿಕಿತ್ಸೆ ಸಿಗದಿದ್ರೆ ಜೀವಕ್ಕೇ ಅಪಾಯ. (ಮನೇಲೇ ಕೂಡಿಹಾಕಿ ಬಿಡಿಸ್ತೀವಿ ಅನ್ನೋರು ದಯವಿಟ್ಟು ಇದನ್ನ ಎರಡು ಸಲ ಓದಿ.) ಮಾವನಿಗೆ ಆ ಹೆಸರು ನೆಟ್ಟಗೆ ಹೇಳೋಕೆ ಬರಲ್ಲ. ಆದ್ರೆ ರೋಗಿ ಬೆಡ್‌ಶೀಟ್ ಮೇಲೆ ಏನೋ ಹೆಕ್ಕೋ ತರ ಬೆರಳಾಡಿಸಿದ್ರೆ ಸಾಕು, ಆಗಲೇ ಡಾಕ್ಟರಿಗೆ ಫೋನ್ ಮಾಡ್ತಿದ್ದ. ನೋಡೋಕೆ ಬಂದವರು ಶಾಂಪೂ ಬಾಟಲಿಯಲ್ಲಿ ಬ್ರಾಂದಿ ತಂದ್ರೂ ಅವನಿಗೆ ಗೊತ್ತಾಗೋದು. ತಾನೂ ಮಾಡಿದ್ದನಲ್ಲ!

ಡಿಸ್ಚಾರ್ಜ್ ಆದ್ಮೇಲೆ ಫೋನ್ ಶುರು. "ಅಣ್ಣಾ, ಬಾರ್ ಮುಂದೆ ನಿಂತಿದೀನಿ." ಮಾವ ಬೈಯಲ್ಲ. "ಊಟ ಆಯ್ತಾ? ಮೊದ್ಲು ಏನಾದ್ರೂ ತಿನ್ನು. ಅರ್ಧ ಗಂಟೆ ನನ್ ಜೊತೆ ಮಾತಾಡು, ಆಮೇಲೆ ನೋಡಣ" ಅಂತಾನೆ. ಆ ಚಡಪಡಿಕೆ ಅಲೆ ತರ ಏರಿ ಇಳಿಯುತ್ತೆ, ಹೆಚ್ಚಿನ ಸಲ ಅರ್ಧ ಗಂಟೆ ದಾಟಲ್ಲ.

ಇಷ್ಟಕ್ಕೆಲ್ಲ ಸಿಗ್ತಿದ್ದದ್ದು ತಿಂಗಳಿಗೆ ಎಂಟು ಸಾವಿರ, ಅದಕ್ಕೆ ಹೆಸರು 'ಗೌರವಧನ'. ಪಿ.ಎಫ್. ಇಲ್ಲ, ವಾರದ ರಜೆ ಅಂದ್ರೆ ಬೇರೆ ಯಾರಾದ್ರೂ ಇದ್ರೆ ಉಂಟು. ನಮ್ಮ ಆಫೀಸಲ್ಲಿ ಆನ್‌ಕಾಲ್ ವಾರ ಸರದಿ ಪ್ರಕಾರ ಬರುತ್ತೆ, ರಾತ್ರಿ ಎದ್ದಿದ್ರೆ ಮರುದಿನ ತಡವಾಗಿ ಹೋಗಬಹುದು. ನಮ್ಮಲ್ಲಿ ಬೀಳೋದು ಬರೀ ಸರ್ವರ್ರು ಸ್ವಾಮೀ!

ಕೇಳಿದ್ರೆ "ಇದು ಸೇವೆ" ಅಂತಾರೆ. ಇದರ ಬೇರು ಎಲ್ಲಿದೆ ಅಂತ ಗೊತ್ತು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಎ.ಎ. ಶುರುವಾದಾಗಿಂದ ಬಂದ ನಂಬಿಕೆ: ಇನ್ನೊಬ್ಬ ಕುಡುಕನಿಗೆ ಕೈಕೊಟ್ಟರೆ ನಿನ್ನ ಕುಡಿತವೂ ದೂರ ಇರುತ್ತೆ, ಅದಕ್ಕೆ ದುಡ್ಡು ತಗೋಬೇಡ. ಒಳ್ಳೇದೇ. ಮಾವ ಈಗಲೂ ಭಾನುವಾರದ ಮೀಟಿಂಗಿಗೆ ಹೋಗ್ತಾನೆ, ಅಲ್ಲಿ ಸಂಬಳ ಕೇಳಲ್ಲ. ಆದ್ರೆ ಹನ್ನೆರಡು ಗಂಟೆ ವಾರ್ಡ್ ಡ್ಯೂಟಿಗೂ ಅದೇ ಮಾತು ಹೇಳಿದ್ರೆ, ಅದು ಪುಕ್ಕಟೆ ದುಡಿಮೆ ಅಷ್ಟೇ.

ಇನ್ನು ಆ ನೆಂಟರು ನಕ್ಕ ವಿಷಯ. 2024ರಲ್ಲಿ ಮಾವ ಮೂರು ಸಲ ಸೇರಿಸಿ ಮೂರು ಸಲವೂ ನೋಡ್ಕೊಂಡಿದ್ದ ಹುಡುಗ ತೀರಿಕೊಂಡ. ಮಾವನೇ ಹೆಗಲು ಕೊಟ್ಟ. ಅದೇ ಸಂಜೆ ನೈಟ್ ಡ್ಯೂಟಿ. "ಹೇಗಿದೀಯಪ್ಪಾ" ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತು ದಿನ ಆದ್ಮೇಲೆ ಕುಡಿದ. ಬೆಳಗ್ಗೆ ತಾನೇ ಕೇಂದ್ರಕ್ಕೆ ಫೋನ್ ಮಾಡಿ ಹೇಳಿದ. "ಬಂದು ನಿನ್ ಬ್ಯಾಗ್ ತಗೊಂಡು ಹೋಗು" ಅಂದ್ರಂತೆ. ಅಲ್ಲಿನ ಹಾಲ್‌ನಲ್ಲಿ ಬೋರ್ಡಿದೆ: ಕುಡಿತ ಒಂದು ಕಾಯಿಲೆ, ಮರುಕಳಿಸಬಹುದು. ಆ ಬೋರ್ಡು ಒರೆಸ್ತಿದ್ದವನೂ ಮಾವನೇ.

ಹಾಗಾದ್ರೆ ಕುಡಿದವನನ್ನ ವಾರ್ಡಲ್ಲೇ ಇಟ್ಕೋಬೇಕಾ ಅಂತ ನೀವು ಕೇಳಬಹುದು. ಖಂಡಿತ ಬೇಡ. ರೋಗಿಗಳಿಗೆ ಅಪಾಯ, ಅವನಿಗೂ ಅಪಾಯ. ಆದ್ರೆ ಟಿ.ಬಿ. ವಾರ್ಡಿನ ನರ್ಸಿಗೆ ಟಿ.ಬಿ. ಬಂದ್ರೆ ಏನು ಮಾಡ್ತೀವಿ? ವಾರ್ಡಿಂದ ದೂರ ಇಟ್ಟು, ಔಷಧಿ ಕೊಟ್ಟು, ವಾಸಿಯಾದ ಮೇಲೆ ಕೆಲಸಕ್ಕೆ ಕರೀಬೇಕು ತಾನೇ? ಕೇಂದ್ರ ಸರ್ಕಾರದ ನೆರವಲ್ಲಿ ನಡೆಯೋ ಪುನರ್ವಸತಿ ಕೇಂದ್ರಗಳಲ್ಲಿ, ಚಟ ಬಿಟ್ಟವರಿಗೇ ಅಂತ 'ಪೀರ್ ಎಜುಕೇಟರ್' ಹುದ್ದೆ ಇದೆ. ಚಟ ಬಿಟ್ಟಿರೋದೇ ಅರ್ಹತೆಯಾದ ಕೆಲಸದಲ್ಲಿ ಜಾರಿದವನಿಗೆ ರಜೆ, ಚಿಕಿತ್ಸೆ, ವಾಪಸ್ ಬರೋ ದಾರಿ, ಇವೆಲ್ಲ ಮೊದಲ ದಿನವೇ ಕಾಗದದ ಮೇಲೆ ಇರಬೇಕು. ಜೊತೆಗೆ ಒಂದು ಸಾವು ನೋಡಿ ಬಂದವನಿಗೆ ಅದೇ ರಾತ್ರಿ ಡ್ಯೂಟಿ ಹಾಕಬಾರದು ಅನ್ನೋ ಕನಿಷ್ಠ ಬುದ್ಧಿ.

ದುಡ್ಡೆಲ್ಲಿಂದ ಅಂತೀರಾ? 2023-24ರಲ್ಲಿ ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ಬಂದದ್ದು 30 ಸಾವಿರ ಕೋಟಿಗೂ ಮೀರಿ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದ್ರೂ ಚಿಕಿತ್ಸೆ ಸಿಕ್ಕಿದೆ. ಇಷ್ಟು ಕೊರತೆ ಇರೋವಾಗ ಹನ್ನೊಂದು ವರ್ಷದ ಅನುಭವ ಇರೋ ಮನುಷ್ಯನನ್ನ ಮತ್ತೆ ಲೇತ್ ಮುಂದೆ ನಿಲ್ಲಿಸಿದೀವಿ.

ಹೌದು, ಮಾವ ಈಗ ಲೇತ್ ಕೆಲಸಕ್ಕೇ ಹೋಗ್ತಿದಾನೆ. ಆ ಒಂದು ರಾತ್ರಿ ಬಿಟ್ರೆ ಮತ್ತೆ ಮುಟ್ಟಿಲ್ಲ. ಕಳೆದ ವಾರ ಊರಿಗೆ ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ವಿ. ಅವನ ಫೋನ್ ಹೊಡ್ಕೊಳ್ತು. ಕಲಸಿದ ಅನ್ನ ಬಿಟ್ಟು, ಎಡಗೈಯಲ್ಲಿ ಫೋನ್ ಹಿಡ್ಕೊಂಡು ಹಿತ್ತಲಿಗೆ ಹೋದ. "ಊಟ ಆಯ್ತಾ?" ಅಂತ ಕೇಳ್ತಿದ್ದದ್ದು ಒಳಗೆ ಕೇಳಿಸ್ತು. ಅತ್ತೆ ಏನೂ ಮಾತಾಡದೆ ಅವನ ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ನನಗೆ ಸಾರು ಬಡಿಸಿದ್ರು.